ಭಾವನ ಹಿಂದಿನ ಸೀಟು

ಇದನ್ನು ಬರೆಯುವುದನ್ನು ನಾನು ಬಹಳ ಕಾಲದಿಂದ ಮುಂದೂಡುತ್ತ ಬಂದಿದ್ದೇನೆ. ಒಮ್ಮೆ ಕನ್ನಡಕದ ನೆಪ, ಇನ್ನೊಮ್ಮೆ ಮೊಣಕಾಲಿನ ನೆಪ. ಬರೆಯುವುದಕ್ಕೆ ಮೊಣಕಾಲು ಯಾಕೆ ಬೇಕು ಎಂದು ಹೆಂಡತಿ ಕೇಳಿದ ಮೇಲೆ ಆ ನೆಪವೂ ಹೋಯಿತು. ಸರಿ, ನಮ್ಮ ಅಕ್ಕನ ಗಂಡನಿಂದ ಶುರು ಮಾಡುತ್ತೇನೆ. ನಗುವ ವಿಷಯ ಮೊದಲು ಹೇಳಿಬಿಟ್ಟರೆ ಉಳಿದದ್ದನ್ನು ಹೇಳಲು ಧೈರ್ಯ ಬಂದೀತು.

ನಮ್ಮ ಭಾವ ಮನೆಯಿಂದ ಎಲ್ಲಿಗೆ ಹೊರಟರೋ ಅಲ್ಲಿಗೆ ನೇರವಾಗಿ ಹೋಗಿ ಸೇರಿದ್ದನ್ನು ಸಾಸಲು ಹೋಬಳಿಯಲ್ಲಿ ಕಂಡವರಿಲ್ಲ. ದಾರಿ ಗೊತ್ತಿಲ್ಲವೆಂದಲ್ಲ. ಅವರ ಹತ್ತಿರ ಒಂದು ಹಳೆಯ ಮೊಪೆಡ್ ಇದೆ, ಅದಕ್ಕೊಂದು ಹಿಂದಿನ ಸೀಟಿದೆ. ಎಮ್ಮೆ ಅಡ್ಡ ಬಂದರೂ ಹಿಡಿಯದ ಅದರ ಬ್ರೇಕು, ನಡೆದು ಹೋಗುವ ಮನುಷ್ಯರನ್ನು ಕಂಡರೆ ಗಪ್ಪನೆ ಹಿಡಿಯುತ್ತದೆ. "ಎಲ್ಲಿಗೆ ಹೋಗ್ಬೇಕು?" ಎಂದು ಕೇಳುವುದು ಕೂರಿಸಿಕೊಂಡ ಮೇಲೆ. ಕೂತವರು ಎದುರು ದಿಕ್ಕು ಹೇಳಿದರೆ ಗಾಡಿಯನ್ನೇ ತಿರುಗಿಸುತ್ತಾರೆ.

ಇದರಿಂದಾಗಿ ಡೇರಿಗೆ ಹೊರಟ ಹಾಲು ಅರ್ಧ ದಾರಿಯಲ್ಲೇ ಮೊಸರಾಗುವ ಮನಸ್ಸು ಮಾಡುತ್ತಿತ್ತು. ಕೊನೆಗೆ ಅಕ್ಕ ಕ್ಯಾನನ್ನು ತಾನೇ ಹೊತ್ತು ನಡೆಯತೊಡಗಿದಳು. ಒಂದು ಬೆಳಗ್ಗೆ ಅವಳ ಪಕ್ಕದಲ್ಲಿ ಗಾಡಿ ನಿಂತಿತು. "ಬಾರಮ್ಮ, ಕೂತ್ಕೋ" ಎಂದರಂತೆ ಭಾವ. ಮುಖ ನೋಡಿದ್ದು ಆಮೇಲೆ.

"ಊರವರಿಗೆಲ್ಲ ಆಗಿ ಇವತ್ತು ನನ್ನ ಪಾಳಿ ಬಂತಾ?" ಅಂದಳು ಅಕ್ಕ.

ಇನ್ನೊಮ್ಮೆ ಬೆಂಗಳೂರಿನ ಜಮೀನು ಬ್ರೋಕರ್ ಒಬ್ಬ, ಕಾರು ಕೆಟ್ಟು ಬಿಸಿಲಲ್ಲಿ ನಿಂತಿದ್ದವನು, ಇವರ ಹಿಂದೆ ಹತ್ತಿದ. ಹತ್ತಿದವನು ಸುಮ್ಮನಿರಬೇಕೋ ಬೇಡವೋ?

"ಈ ಕಡೆ ಎಕರೆ ಹೆಂಗ್ ನಡೀತಿದೆ ಯಜಮಾನ್ರೇ?"

ಭಾವ ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿ ಕೈ ತೋರಿಸಿದರು. "ಎಕರೆಗೆ ನಾಲ್ಕೈದು ನವಿಲು ಬರ್ತವೆ ಸಾರ್. ರಾಗಿ ತೆನೆ ಬಲಿತಾಗ ಬನ್ನಿ, ಇನ್ನೂ ಜಾಸ್ತಿ."

ಬ್ರೋಕರ್ ಅಲ್ಲೇ ಇಳಿದುಕೊಂಡ. ಪಾಪ, ನವಿಲು ನೋಡುವುದಕ್ಕೆ ಇಳಿದ ಎಂದು ಭಾವ ಇವತ್ತಿಗೂ ನಂಬಿದ್ದಾರೆ.

ಇಂಥವರಿಗೆ ನನ್ನ ಮಗಳ ಧಾರೆ ಸೀರೆ ತರುವ ಕೆಲಸ ವಹಿಸಿದವನು ನಾನು. ಬುದ್ಧಿ ಇರುವವರು ಯಾರಾದರೂ ವಹಿಸುತ್ತಿದ್ದರೇ? ದೊಡ್ಡಬಳ್ಳಾಪುರದ ನೇಕಾರರೊಬ್ಬರ ಮಗ್ಗದಲ್ಲಿ ಹೇಳಿ ನೇಯಿಸಿದ ಸೀರೆ ಅದು. ಅರಿಶಿನದ ಒಡಲು, ಕೆಂಪು ಅಂಚು. ನಾಡಿದ್ದು ಮದುವೆ. ಮನೆ ತುಂಬ ನೆಂಟರು. ಮಧ್ಯಾಹ್ನ ಬರಬೇಕಾದ ಭಾವನ ಬದಲು ಅವರ ಫೋನು ಬಂತು.

"ಸೀರೆ ಬರ್ತಾ ಇದೆ ಕಣಯ್ಯಾ. ಬಸ್ಸಲ್ಲಿ ಒಬ್ಬಮ್ಮನ ಕೈಲಿ ಕಳಿಸಿದೀನಿ. ನಿನ್ನ ಮನೆ ಗುರುತು ಹೇಳಿದೀನಿ."

"ನೀವೆಲ್ಲಿದೀರಿ ಭಾವ?"

"ದೊಡ್ಡಬಳ್ಳಾಪುರಕ್ಕೇ ವಾಪಸ್ ಬಂದೆ, ದನದ ಆಸ್ಪತ್ರೆಗೆ. ದಾರೀಲಿ ಒಬ್ಬ ಕಾಲು ಮುರ್ದಿರೋ ಕುರಿಮರಿ ಎತ್ಕೊಂಡು ನಿಂತಿದ್ದ. ಅವನು, ಮರಿ, ಸೀರೆ, ಎಲ್ಲಾ ಹೆಂಗೆ ಹಿಡಿಸ್ಲಿ?"

"ಆಯಮ್ಮ ನಿಮಗೆ ಪರಿಚಯಾನಾ?"

"ಇಲ್ಲ. ಒಳ್ಳೇವ್ರು."

"ಹೆಂಗ್ ಗೊತ್ತು?"

"ಬಸ್ಸಿಗೆ ಕಾಯ್ತಾ ಬಾಳೆಹಣ್ಣು ತಿಂದ್ರು. ಸಿಪ್ಪೆ ಎಸೀಲಿಲ್ಲ. ಹಸು ಹತ್ರ ಬರೋವರ್ಗೂ ಕೈಲೇ ಇಟ್ಕೊಂಡಿದ್ರು."

ಆಗ ನಾನು ಆಡಿದ ಮಾತುಗಳನ್ನು ಬರೆದರೆ ಅಚ್ಚು ಹಾಕುವವರು ಒಪ್ಪುವುದಿಲ್ಲ.

ಹೊತ್ತು ಇಳಿಯುವಾಗ ಆ ಹೆಂಗಸು ಬಂದರು. ಬಸ್ಸು ನಮ್ಮೂರಿನವರೆಗೆ ಬರುವುದಿಲ್ಲ. ಕ್ರಾಸಿನಿಂದ ನಡೆದು ಬಂದಿದ್ದರು. ಕಾಲು ಧೂಳಾಗಿತ್ತು. ಸೀರೆಗೆ ಧೂಳು ತಾಗದ ಹಾಗೆ ಅದಕ್ಕೆ ತಮ್ಮ ಟವೆಲ್ ಸುತ್ತಿದ್ದರು.

"ಮದುವೆ ಮನೆ ಇದೇನಾ ಅಣ್ಣ? ಸೀರೆ ತಂದಿದೀನಿ." ಆಮೇಲೆ ಸ್ವಲ್ಪ ನಾಚಿಕೊಂಡು, "ಹುಡುಗೀನ ಒಂದ್ಸಲ ತೋರಿಸ್ತೀರಾ? ದಾರಿ ಉದ್ದಕ್ಕೂ ತೊಡೆ ಮೇಲಿಟ್ಕೊಂಡು ಬಂದೆ. ಉಟ್ಕೊಳ್ಳೋರ ಮುಖ ನೋಡ್ಬೇಕು ಅನ್ನಿಸ್ತು" ಎಂದರು.

ನಾನು ನೆಂಟರ ಮುಂದೆ ಜಗಲಿಯ ಮೇಲೆ ಸೀರೆಯನ್ನು ಬಿಚ್ಚಿ ಅಂಚು, ಸೆರಗು ಎಲ್ಲ ತಿರುವಿ ನೋಡಿದೆ. ಸೀರೆ ಸರಿಯಾಗಿತ್ತು. ಜೊತೆಗೆ ಬರಬೇಕಾದ ರವಿಕೆ ಬಟ್ಟೆ ಇರಲಿಲ್ಲ.

"ರವಿಕೆ ಪೀಸ್ ಎಲ್ಲಮ್ಮ?"

"ಅವರು ಕೊಟ್ಟಿದ್ದು ಇಷ್ಟೇ ಅಣ್ಣ."

"ಆ ಚೀಲ ತೆಗಿ, ನೋಡೋಣ."

ಅವರು ಚೀಲವನ್ನು ಜಗಲಿಯ ಮೇಲೆ ಬಗ್ಗಿಸಿದರು. ಒಂದು ಊಟದ ಡಬ್ಬಿ, ಮಗುವಿನ ಕೆಮ್ಮಿನ ಔಷಧಿ, ಒಂದಷ್ಟು ಹುರುಳಿಕಾಯಿ. ಒಂದೊಂದನ್ನೇ ಮತ್ತೆ ಒಳಗಿಟ್ಟುಕೊಂಡರು. ಹುರುಳಿಕಾಯಿ ಕೆಲವು ಕೆಳಗೆ ಉರುಳಿದ್ದವು, ಅವನ್ನೂ ಹೆಕ್ಕಿಕೊಂಡರು. ನನಗೆ ಮುಖ ಸುಟ್ಟಂತಾಗಿ ಒಂದು ನೋಟು ಚಾಚಿದೆ.

"ಬೇಡ ಅಣ್ಣ. ಕತ್ತಲಾಗುತ್ತೆ, ಬರ್ತೀನಿ."

ಹುಡುಗಿಯನ್ನು ತೋರಿಸಿ ಎಂದು ಮತ್ತೆ ಕೇಳಲಿಲ್ಲ. ಮಗಳು ಬಾಗಿಲ ಒಳಗೇ ಇದ್ದಳು, ಬಳೆ ತೊಡಿಸಿಕೊಳ್ಳುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಭಾವ ಬಂದರು, ಅಂಗಿಯ ತುಂಬ ಕುರಿಯ ಕೂದಲು. "ರವಿಕೆ ಬಟ್ಟೇನ ಅಲ್ಲೇ ಟೈಲರ್‌ಗೆ ಕೊಟ್ಬಿಟ್ಟೆ. ನಾಳೆ ಹೊಲಿದು ಕೊಡ್ತಾನೆ. ಫೋನಲ್ಲಿ ಹೇಳೋದೇ ಮರ್ತೆ ನೋಡು." ಚಪ್ಪಲಿ ಬಿಡುತ್ತ ಕೇಳಿದರು, "ಆಯಮ್ಮ ಊಟ ಮಾಡ್ಕೊಂಡ್ ಹೋದ್ರಾ?"

ನಡೆದದ್ದನ್ನು ಅಕ್ಕ ಹೇಳಿದಳು. ಭಾವ ಬಿಟ್ಟ ಚಪ್ಪಲಿಯನ್ನೇ ಮೆಟ್ಟಿಕೊಂಡು ಗಾಡಿ ತಿರುಗಿಸಿದರು. ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಅವರನ್ನು ಊರಿಗೆ ಬಿಟ್ಟು ಬಂದರು.

ಮಾರನೆಯ ದಿನ ಭಾವನ ಹತ್ತಿರ ತಪ್ಪಾಯಿತು ಎಂದೆ. ಅದೇನು ಕಷ್ಟವೇ? ಭಾವನ ಹತ್ತಿರ ಯಾರು ಬೇಕಾದರೂ ಹೇಳಬಹುದು.

"ನನ್ನ ಹತ್ರ ಯಾಕಯ್ಯಾ ಹೇಳ್ತೀಯಾ? ಹತ್ತು, ಅವರ ಮನೆ ತೋರಿಸ್ತೀನಿ" ಎಂದರು.

ಮದುವೆ ಮುಗಿಯಲಿ ಎಂದೆ. ಆಮೇಲೆ ಸುಗ್ಗಿ ಮುಗಿಯಲಿ ಎಂದೆ. ಎರಡು ಸಲ ಹತ್ತಿ ಕೂತದ್ದೂ ಉಂಟು. ಆದರೆ ಅದು ಭಾವನ ಗಾಡಿಯಲ್ಲವೇ? ಒಮ್ಮೆ ಬಸುರಿ ಹೆಂಗಸೊಬ್ಬಳು ಸಿಕ್ಕಳು, ಇನ್ನೊಮ್ಮೆ ಪರೀಕ್ಷೆಗೆ ಹೊತ್ತಾದ ಹುಡುಗಿ. "ಇಳ್ಕೊಳಯ್ಯಾ, ಇವರನ್ನ ಬಿಟ್ಟು ಬಂದು ನಿನ್ನ ಕರ್ಕೊಂಡ್ ಹೋಗ್ತೀನಿ." ನಾನು ಹುಣಸೆ ಮರದ ಕೆಳಗೆ ಇಳಿದುಕೊಂಡೆ. ಭಾವ ವಾಪಸು ಬರುವಷ್ಟರಲ್ಲಿ ಊರ ಕಡೆ ನಡೆದುಬಿಟ್ಟಿದ್ದೆ. ಭಾವ ನನ್ನನ್ನು ಇಳಿಸಿದ ಕಥೆ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ. ಇಳಿದಾಗ ನನಗಾದದ್ದು ನಿರಾಳ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಭಾವ ಬಂದು ನನ್ನ ಪಕ್ಕ ಕೂತರು.

"ಪಿಳ್ಳಮ್ಮ ಹೋಗ್ಬಿಟ್ರು ಕಣಯ್ಯಾ, ಸೀರೆ ತಂದಿದ್ರಲ್ಲ, ಆಯಮ್ಮ. ಮಣ್ಣು ಮಾಡಿ ಬಂದೆ."

ನಾನು ಕೇಳಿದೆ, "ನನ್ನ ವಿಷಯ ಏನಾದ್ರೂ ಅಂದಿದ್ರಾ?"

"ನಿನ್ನ ವಿಷಯ ಏನಿಲ್ಲ. ದಾರೀಲಿ ಸಿಕ್ಕಾಗೆಲ್ಲ ಒಂದೇ ಕೇಳೋರು, ಆ ಹುಡುಗಿಗೆ ಸೀರೆ ಒಪ್ತಾ ಅಂತ."

"ನೀವೇನಂದ್ರಿ?"

"ಒಪ್ತು ಅಂದೆ. ಹೆಂಗಿದ್ಲು ಅಂತ ಕೇಳೋರು. ನನಗೆ ಅದೆಲ್ಲ ಹೇಳಕ್ಕೆ ಬರುತ್ತಾ?"

ನನಗೆ ಬರುತ್ತಿತ್ತು. ಹೆತ್ತವನಲ್ಲವೇ, ನಾನು ಹೇಳಬಹುದಿತ್ತು. ಈಗ ಹೇಳುತ್ತೇನೆ. ತುಂಬ ಒಪ್ಪಿತ್ತು. ಅರಿಶಿನದ ಬಣ್ಣ ಅವಳ ಮುಖಕ್ಕೂ ಹತ್ತಿತ್ತು. ನಡೆದಾಗ ಕೆಂಪಂಚು ಪಾದ ಮುಟ್ಟಿ ಮುಟ್ಟಿ ಬರುತ್ತಿತ್ತು. ನೀವು ನೋಡಬೇಕಾಗಿತ್ತು. ನಾನು ಒಂದು ಸಲ ಕೂಗಿದ್ದರೆ ಅವಳು ಬಾಗಿಲಿಗೆ ಬರುತ್ತಿದ್ದಳು.

ತಪ್ಪಾಯಿತು, ಪಿಳ್ಳಮ್ಮ.