ಪಿಕಪ್ಪು ಬಂದ ಮೇಲೆ

ಒಂಟಿಯಾಗಿ ಬದುಕುವವನು ಐದು ಸೀಟಿನ ಕಾರು ಕೊಳ್ಳಬಾರದು. ಸೈಕಲ್ಲಿನ ಮೇಲೆ ಒಬ್ಬನೇ ಹೋದರೆ ಜನ ಸೈಕಲ್ಲು ನೋಡುತ್ತಾರೆ. ಕಾರಿನಲ್ಲಿ ಒಬ್ಬನೇ ಹೋದರೆ ಖಾಲಿ ಸೀಟು ನೋಡುತ್ತಾರೆ. ಈ ಜ್ಞಾನ ನನಗೆ ಕಾರು ಕೊಂಡ ಎರಡನೆಯ ವಾರದಲ್ಲಿ ಬಂತು. ಎರಡು ಸಾವಿರದ ಏಳೋ ಎಂಟೋ ಇರಬೇಕು. ಆಗ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ವಯಸ್ಸು ಐವತ್ತಕ್ಕೆ ಒಂದು ಕಡಿಮೆ, ಮದುವೆ ಇಲ್ಲ. ಮೊದಲು ತಂಗಿಯರದು ಆಗಲಿ ಎಂದು ತಡೆದೆ, ಆಮೇಲೆ ಸ್ವಂತ ಮನೆ ಆಗಲಿ ಎಂದು ತಡೆದೆ; ಮನೆಯಾಗುವ ಹೊತ್ತಿಗೆ ಜನ ಕೇಳುವುದನ್ನೇ ಬಿಟ್ಟಿದ್ದರು. ಹುಬ್ಬಳ್ಳಿಯ ಡಾಕ್ಟರೊಬ್ಬರು ಬಳಸಿ ಬಿಟ್ಟ ಡೀಸೆಲ್ ಕಾರು ಕೊಂಡೆ. ಕಾರಿದ್ದರೆ ಜನ ತಾವಾಗಿ ಹತ್ತಿರ ಬರುತ್ತಾರೆ ಎಂದು ನಂಬಿದ್ದೆ. ಒಂದು ವಾರ ಸಹೋದ್ಯೋಗಿಗಳು ಬಂದರು ಕೂಡ. ಆಮೇಲೆ ಬಸ್ಸೇ ಲೇಸು ಎಂದರಂತೆ. ನಾನು ಮೂವತ್ತರ ಮೇಲೆ ಓಡಿಸುವುದಿಲ್ಲ, ದಾರಿಯುದ್ದಕ್ಕೂ ಘರ್ಷಣೆಯ ನಿಯಮ ವಿವರಿಸುತ್ತೇನೆ ಎಂಬುದು ಅವರ ದೂರು. ಎರಡೂ ನಿಜ.

ಉಳಿದವರು ಪಕ್ಕದ ಮನೆಯ ಗಂಗವ್ವ ಒಬ್ಬರೇ. ಮಗ-ಸೊಸೆಯರ ಜೊತೆ ಇರುತ್ತಿದ್ದ, ಅರವತ್ತು ದಾಟಿದ ಹೆಣ್ಣುಮಗಳು. ದಿನಾ ಸಂಜೆ ಕಂಪೌಂಡ್ ಗೋಡೆಯ ಮೇಲಿಂದ ಎರಡು ರೊಟ್ಟಿ, ಒಂದಿಷ್ಟು ಪಲ್ಯ ಕೊಟ್ಟು, “ಏನ್ ಕಲಿಸಿದ್ರಿ ಮಾಸ್ತರ ಇವತ್ತ?” ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಅರ್ಥವಾಗದಿದ್ದರೂ ಪೂರ್ತಿ ಕೇಳುತ್ತಿದ್ದರು. ನನ್ನ ವಿದ್ಯಾರ್ಥಿಗಳ ಬಗ್ಗೆ ಈ ಮಾತು ಹೇಳಲಾರೆ. ರಜೆಯ ದಿನಗಳಲ್ಲಿ ಇಡೀ ಹಗಲು ನನ್ನ ಬಾಯಿಂದ ಹೊರಡುತ್ತಿದ್ದದ್ದು ಆ ಗೋಡೆಯ ಹತ್ತಿರದ ಹತ್ತು ನಿಮಿಷದ ಮಾತು ಮಾತ್ರ.

ಹೀಗಿರುವಾಗ ಒಂದು ಮಂಗಳವಾರ ಅವರು ಎಲ್ಲಮ್ಮನ ಗುಡ್ಡಕ್ಕೆ ಹೋಗಬೇಕೆಂದರು. ಉತ್ಸಾಹದಿಂದ ಅವರನ್ನು, ಮಗ-ಸೊಸೆಯನ್ನು, ಮೂವರನ್ನೂ ಕೂಡಿಸಿಕೊಂಡು ಹೊರಟೆ. ಉಗರಗೋಳ ದಾಟಿ ಏರು ಬಂದದ್ದೇ ಕಾರು ಏದುಸಿರು ಬಿಡಲಾರಂಭಿಸಿತು. ಭಾರ ಕಡಿಮೆಯಾಗಲಿ ಎಂದು ಅವರು ಇಳಿದರು. ನಾನು ಮೊದಲನೆಯ ಗೇರಿನಲ್ಲಿ ಗುರುಗುಟ್ಟುತ್ತ ತಿರುವು ಮುಟ್ಟುವ ಹೊತ್ತಿಗೆ ಗಂಗವ್ವ ನಡೆದು ಬಂದು ಕಲ್ಲಿನ ಮೇಲೆ ಕುಳಿತು, ಎಲೆ ಅಡಿಕೆ ಹಾಕಿಕೊಂಡು ನನ್ನ ದಾರಿ ನೋಡುತ್ತಿದ್ದರು. “ಸಾವಕಾಶ ಬರ್ರಿ ಮಾಸ್ತರ, ದೇವಿ ಎಲ್ಲಿ ಓಡಿ ಹೋಕ್ಕಾಳ?” ಎಂದರು. ಸಮಾಧಾನಕ್ಕೆ ಹೇಳಿದ ಮಾತೇ. ನನಗೆ ಮಾತ್ರ ಅದು ಎದೆಗೆ ನಾಟಿತು.

ಮರುದಿನವೇ ಸಂಪಗಾಂವ ರಸ್ತೆಯ ಮೆಕ್ಯಾನಿಕ್ ದಸ್ತಗೀರಸಾಬರ ಮುಂದೆ ಕಾರು ನಿಲ್ಲಿಸಿದೆ. ಅವರು ಬಾನೆಟ್ ಎತ್ತಿ ನೋಡಿ, ಕೆಳಗೆ ತೂರಿ ನೋಡಿ, ಎದ್ದು ಕೈ ಒರೆಸಿಕೊಂಡರು.

“ಸರ್ರ, ಈ ಗಾಡಿ ತನ್ನ ಹೊಗಿ ತಾನ ಕುಡಿಯಾಕತ್ತೇತಿ ನೋಡ್ರಿ. ಇಲ್ಲೊಂದು ಪೈಪು, ಹೊಗಿ ಹೊಳ್ಳಿಸಿ ಎಂಜಿನ್ನಿಗೇ ಕುಡಸತೈತಿ. ಹಿಂದೊಂದು ಜಾಳಗಿ ಡಬ್ಬಿ ಐತಿ, ಅದು ಉಸರ ಬಿಡಾಕ ಕೊಡೂದಿಲ್ಲ. ಎರಡೂ ತಗದ್ರ ಗಾಡಿ ಕುದರಿ ಆಕೈತ್ರಿ.”

ಆ ಪೈಪು, ಹೊಗೆ ಸೋಸುವ ಆ ಜಾಳಿಗೆ ಡಬ್ಬಿ ಊರಿನ ಗಾಳಿ ಕೆಡದಿರಲಿ ಎಂದು ಇಟ್ಟವು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಪರಿಸರ ದಿನದಂದು ಇದರ ಮೇಲೆ ಭಾಷಣವನ್ನೂ ಮಾಡಿದ್ದೆ. ಭಾಷಣ ಮಾಡುವಾಗ ನನ್ನ ಹತ್ತಿರ ಕಾರು ಇರಲಿಲ್ಲ. “ತಗೀರಿ” ಎಂದೆ.

ಡಬ್ಬಿ ಹೋಯಿತು, ಪೈಪಿನ ಬಾಯಿಗೆ ತಗಡು ಬಿತ್ತು. ಕಾರು ಕುದುರೆಯಾಗಲಿಲ್ಲ. ಸ್ಟೇರಿಂಗಿನ ಹಿಂದೆ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹತ್ತಿ ಕುಳಿತುಕೊಂಡಿತು, ಮತ್ತು ಕಾರು ಸಪಾಟು ರಸ್ತೆಯಲ್ಲೂ ಇಪ್ಪತ್ತು ದಾಟದೆ ಮುಷ್ಕರ ಹೂಡಿತು. ದಸ್ತಗೀರಸಾಬರು ತಲೆ ಕೆರೆದುಕೊಂಡರು. “ಒಳಗಿನ ಕಂಪ್ಯೂಟರ್ ಸಿಟ್ಟಾಗೇತ್ರಿ. ಇದ್ದ ಸಾಮಾನು ಎಲ್ಲಿ ಹೋತು ಅಂತ ಹುಡುಕಾಕತ್ತೇತಿ. ಅದಕ್ಕ ತಿಳಿಸಿ ಹೇಳಾಂವ ಸವದತ್ತ್ಯಾಗ ಒಬ್ಬಾಂವ ಅದಾನ, ಮಹಾಂತೇಶ ಅಂತ.”

ಸವದತ್ತಿಯ ಮಹಾಂತೇಶ ಬಿಡಿಭಾಗದ ಅಂಗಡಿಯ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದ, ಮೂವತ್ತರ ಆಸುಪಾಸಿನ ಮಿತಭಾಷಿ. ಸ್ಟೇರಿಂಗಿನ ಕೆಳಗೆ ವೈರು ಸಿಕ್ಕಿಸಿ ಹೇಳಿದ, “ಪೈಪು, ಡಬ್ಬಿ ಇದ್ದೂ ಅನ್ನೂದನ್ನ ಇದಕ್ಕ ಮರಸಬೇಕ್ರಿ. ಹಳೇ ಪ್ರೋಗ್ರಾಮ್ ತಗದು ಇಟಗೊಂಡಿರತೇನಿ. ಡೀಸೆಲ್ಲೂ ಒಂದೀಟು ಜಾಸ್ತಿ ಬಿಡತೇನಿ, ಪಿಕಪ್ಪು ಬರತೈತಿ.” ಕೆಲಸಕ್ಕೆ ಎರಡು ತಾಸು ಹಿಡಿಯಿತು. ಅಷ್ಟು ಹೊತ್ತೂ ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತು ಅವನ ಜೊತೆ ಮಾತಾಡಿದೆ: ನನ್ನ ಬಾಲ್ಯ, ಕಾಲೇಜಿನ ರಾಜಕೀಯ, ಬೆನ್ನುನೋವು. ಅಂಥ ಒಳ್ಳೆಯ ಹರಟೆ ಸಿಕ್ಕು ವರ್ಷಗಳಾಗಿದ್ದವು. ಮನೆಗೆ ಬರುವಾಗ ನೆನಪಿಸಿಕೊಂಡರೆ, ಅವನು ಆಡಿದ್ದು ಬರೀ “ಹೂಂ” ಮತ್ತು ಒಮ್ಮೆ “ಕಾಲ ಸರಸರ್ರಿ, ವೈರ್ ಐತಿ” ಅಷ್ಟೇ.

ಆದರೆ ದೀಪ ಆರಿತ್ತು, ಕಾರು ನಿಜಕ್ಕೂ ಕುದುರೆಯಾಗಿತ್ತು. ಇದನ್ನು ತೋರಿಸಲು ನನಗಿದ್ದದ್ದು ಒಬ್ಬರೇ. ಗಂಗವ್ವ ಅಂಗಳದಲ್ಲಿ ಹೊರಸಿನ ಮೇಲೆ ಬಿಳಿ ಧೋತರ ಹಾಸಿ ಶಾವಿಗೆ ಒಣಗಹಾಕುತ್ತಿದ್ದರು. “ಅವ್ವಾರ, ಈಗ ನೋಡ್ರಿ ಇದರ ದಮ್ಮು” ಎಂದು ನಿಂತಲ್ಲೇ ಎಕ್ಸಲರೇಟರನ್ನು ಪೂರ್ತಿ ಒತ್ತಿದೆ. ಎಂಜಿನ್ನು ಹೂಂಕರಿಸಿತು. ಕನ್ನಡಿಯಲ್ಲಿ ನೋಡಿದರೆ ಗಂಗವ್ವ ಇರಲಿಲ್ಲ, ಹೊರಸು ಇರಲಿಲ್ಲ, ಮನೆಯೂ ಇರಲಿಲ್ಲ. ಬರೀ ಕಪ್ಪು ಹೊಗೆ. ಅದು ಚದುರಿದ ಮೇಲೆ ಎಲ್ಲ ಒಂದೊಂದಾಗಿ ಕಾಣಿಸಿದವು. ಶಾವಿಗೆಯ ಮೇಲೆ ಮಸಿ ಸಾಸಿವೆಯಂತೆ ಕೂತಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ಕ್ಷಮೆ ಕೇಳಿ ಮುಗಿಸಬಹುದಿತ್ತು. ಕೆಮ್ಮಿದರು, ಧೋತರದ ನಾಲ್ಕು ಮೂಲೆ ಕೂಡಿಸಿ ಗಂಟು ಕಟ್ಟಿ ಹಿತ್ತಲಿನ ಎಮ್ಮೆಗೆ ಹಾಕಲು ಒಯ್ದರು. ಆ ಸಂಜೆ ರೊಟ್ಟಿ ಬರಲಿಲ್ಲ. ಮರುಸಂಜೆಯೂ ಬರಲಿಲ್ಲ. ರಾಮದುರ್ಗದಲ್ಲಿರುವ ಬಸುರಿ ಮಗಳಿಗೆಂದು ನಾಲ್ಕು ದಿನ ಕೂತು ಹೊಸೆದ ಶಾವಿಗೆ ಅದು ಎಂದು ಸೊಸೆಯಿಂದ ತಿಳಿಯಿತು. ಪೇಟೆಗೆ ಓಡಿ ಎರಡು ಪಾಕೀಟು ಶಾವಿಗೆ ತಂದು ಗೋಡೆಯ ಮೇಲೆ ಹಿಡಿದೆ. ಗಂಗವ್ವ ಪಾಕೀಟು ನೋಡಿದರು, ನನ್ನ ಮುಖ ನೋಡಿದರು.

“ಅಂಗಡಿ ಶಾವಿಗಿ ಆಕಿಗೆ ರಾಮದುರ್ಗದಾಗ ಸಿಗೂದಿಲ್ಲೇನ್ರಿ, ಮಾಸ್ತರ?” ಎಂದು ಒಳಗೆ ಹೋದರು.

ಎಂಟು ದಿನ ಆ ಶಾವಿಗೆಯನ್ನೇ ಉಪ್ಪಿಟ್ಟು ಮಾಡಿಕೊಂಡು ತಿಂದೆ. ಸಂಜೆಯಾದರೆ ಕಾಲು ಗೋಡೆಯ ಕಡೆ ಹೋಗುತ್ತಿತ್ತು. ಅಲ್ಲಿ ನಿಂತು ಕೆಮ್ಮಿದರೆ ಹೊಗೆಯನ್ನು ನೆನಪಿಸಿದಂತಾದೀತೆಂದು ಕೆಮ್ಮನ್ನೂ ನುಂಗಿ ಒಳಗೆ ಬರುತ್ತಿದ್ದೆ. ಒಂಬತ್ತನೆಯ ದಿನ ದಸ್ತಗೀರಸಾಬರಲ್ಲಿಗೆ ಹೋದೆ. ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದರು.

“ಕುದರಿ ಬಿಟ್ಟು ಮತ್ತ ಕತ್ತೆ ಹತ್ತತೇನಂತೀರಿ?”

“ಹೌದ್ರಿ. ನನಗ ಕತ್ತೇನ ಸರಿ.”

ಡಬ್ಬಿ ಮರಳಿ ಕೂತು, ಪೈಪಿನ ತಗಡು ಹೋದ ಮೇಲೆ ಸವದತ್ತಿಯಲ್ಲಿ ಮಹಾಂತೇಶ ಹಳೆಯ ಪ್ರೋಗ್ರಾಮನ್ನು ಮರಳಿ ತುಂಬಿದ. ಅಂದು ಮೊದಲ ಬಾರಿಗೆ ಅವನೇ ಮಾತೆತ್ತಿದ. “ಎಲ್ಲಾರೂ ತಗಸಾಕ ಬರತಾರ್ರಿ. ಹಾಕಸಾಕ ಬಂದಾವ್ರು ನೀವ ಮೊದಲನೇವ್ರು. ಯಾಕ್ರಿ?” ಎಷ್ಟೋ ಹೇಳಬೇಕೆನಿಸಿತು. “ಬಾಜೂಕಿನವ್ರ ಶಾವಿಗಿ ಕೆಟ್ಟೂ” ಎಂದಷ್ಟೇ ಹೇಳಿದೆ. ಅವನು ಮತ್ತೆ “ಹೂಂ” ಎಂದ.

ಮನೆಗೆ ಬಂದು ಗೋಡೆಯ ಹತ್ತಿರ ನಿಂತು ಎಲ್ಲವನ್ನೂ ವರದಿ ಮಾಡಿದೆ. ಗಂಗವ್ವ ಹೊಸ ಶಾವಿಗೆ ಹೊಸೆದು ಒಣಗಿಸಿ ಬುಟ್ಟಿಗೆ ತುಂಬುತ್ತಿದ್ದರು.

“ಹಂಗಾರ ಗುಡ್ಡ ಏರೂದಿಲ್ಲಿನ್ನ?”

“ಇಲ್ಲ ಅವ್ವಾರ.”

“ಹೊಗಿ?”

“ಅದೂ ಇಲ್ಲ.”

ಸ್ವಲ್ಪ ಹೊತ್ತು ಶಾವಿಗೆ ಸರಿಪಡಿಸಿದರು. “ಆತು. ರಾಮದುರ್ಗಕ್ಕ ನನ್ನ ಬಿಟ್ಟ ಬರ್ರಿ. ಬಸ್ಸಿನ್ಯಾಗ ಈ ಶಾವಿಗಿ ಮುರಿದು ಹೋಕ್ಕಾವು.”

ನನಗೆ ಹಿಡಿಸಲಾರದಷ್ಟು ಸಂತೋಷ. ಭಾನುವಾರ ಬೆಳಿಗ್ಗೆಯೇ ಕಾರು ತೊಳೆದು ಹೊರಟೆ. ಮುನವಳ್ಳಿ ದಾಟುವವರೆಗೆ ಗಂಗವ್ವ ಮಾತಾಡಿದರು, ಆಮೇಲೆ ನಾನು ಮಾತಾಡಿದೆ, ಅವರು ಪೂರ್ತಿ ಕೇಳಿದರು. ಮೂವತ್ತರ ವೇಗದಿಂದ ದಾರಿ ಇನ್ನಷ್ಟು ಉದ್ದವಾದದ್ದು ನನಗೆ ಲಾಭವೇ ಆಯಿತು. ರಾಮದುರ್ಗದಲ್ಲಿ ಮಗಳು ಚಹಾ ಕೊಟ್ಟಳು. ಬುಟ್ಟಿ ಇಳಿಸಿದೆ. ಬೆಳಿಗ್ಗೆ ಅವರ ಮಗ ಹಿಂದೆ ತುಂಬಿದ್ದ ಒಂದು ಟ್ರಂಕು, ಹಾಸಿಗೆ ಸುರುಳಿ ಇಳಿದಾಗ ಸಂಶಯ ಬಂತು.

“ಅವ್ವಾರ, ನಾಳೆ ಬರಲ್ಯಾ ಕರಕೊಂಡು ಹೋಗಾಕ?”

“ನಾಳೆ ಎಲ್ಲೀದ್ರಿ? ಈಕೀಗೆ ಅತ್ತಿ ಇಲ್ಲ, ಬಾಣಂತನ ನಾನ ಮಾಡಬೇಕು. ಕೂಸಿಗೆ ಐದು ತಿಂಗಳಾಗಲಿ, ಬರ್ರಿ.”

ಮಗಳ ಕಡೆ ನೋಡಿದೆ. ಕೂಸು ಇನ್ನೂ ಹುಟ್ಟಿರಲಿಲ್ಲ.