ಅಟ್ಟದ ಮೇಲಿನ ನಕ್ಷತ್ರ

ಕಟ್ಟಿದ್ದನ್ನೆಲ್ಲ ಒಂದು ದಿನ ಬಿಚ್ಚಲೇಬೇಕು ಎಂಬ ಜ್ಞಾನ ಸನ್ಯಾಸಿಗಳಿಗೆ ಕಾಡಿನಲ್ಲಿ ಬರುತ್ತದಂತೆ. ನನಗೆ ಪ್ರತಿ ಡಿಸೆಂಬರಿನಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ಬರುತ್ತದೆ. ಕ್ರಿಸ್ಮಸ್ಸಿಗೆಂದು ಬಣ್ಣದ ಕಾಗದ ಕತ್ತರಿಸಿ, ಅಂಟು ಕಲಸಿ, ಯಾರದೋ ಮನೆಯ ಏಣಿ ಕೇಳಿ ತಂದು ಮನೆ ಸಿಂಗರಿಸಬೇಕು. ಹೊಸ ವರ್ಷ ಕಳೆದ ಮೇಲೆ ಅದೇ ಏಣಿ ಮತ್ತೆ ಕೇಳಿ ತಂದು ಎಲ್ಲವನ್ನೂ ಕೀಳಬೇಕು. ನಡುವಿನ ಹತ್ತು ದಿನ ಗೋಡೆ ಬೋಳಾಗಿದ್ದರೆ ಯಾರಪ್ಪನ ಗಂಟೇನು ಹೋಗುತ್ತದೆ? ಇದನ್ನು ನಾನು ವೈರಾಗ್ಯ ಎನ್ನುತ್ತೇನೆ. ನನ್ನ ಹೆಂಡತಿ ಗ್ರೇಸಮ್ಮ ಬೇರೆ ಹೆಸರಿಟ್ಟಿದ್ದಾಳೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಶಿಡ್ಲಘಟ್ಟದಲ್ಲಿ ಮೇಷ್ಟ್ರಾಗಿದ್ದೆ. ನಮ್ಮ ಗಲ್ಲಿಯ ತುಂಬ ರೇಷ್ಮೆ ನೂಲು ತೆಗೆಯುವ ಮನೆಗಳು. ಎಲ್ಲಕ್ಕೂ ಒಂದೇ ಹಸಿರು ಬಾಗಿಲು, ಬೇಯುವ ಗೂಡಿನ ಒಂದೇ ವಾಸನೆ. ಕ್ರೈಸ್ತರ ಮನೆ ನಮ್ಮದೊಂದೇ. ಅಲ್ಲಿಯವರೆಗೆ ಪ್ರತಿ ವರ್ಷ ಗ್ರೇಸಮ್ಮನ ಕಾಟ ತಡೆಯಲಾರದೆ ಬಾಗಿಲ ಮೇಲೊಂದು ಕಾಗದದ ನಕ್ಷತ್ರವನ್ನಾದರೂ ಕಟ್ಟುತ್ತಿದ್ದೆ. ಆ ವರ್ಷ ಅವಳು, "ಈ ಸಲ ನಾನು ಬಾಯಿ ಬಿಡಲ್ಲ, ನಿಮ್ಮಿಷ್ಟ" ಅಂದುಬಿಟ್ಟಳು. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ. ನಕ್ಷತ್ರ ಒಂದು ಮೂಲೆಯನ್ನು ಇಲಿಗೆ ಒಪ್ಪಿಸಿ ಅಟ್ಟದ ಮೇಲೇ ಮಲಗಿತ್ತು.

ಪಕ್ಕದ ಮನೆಯ ಶಂಷಾದ್ ಬೀ ಮಾತ್ರ ದಿನಾ ಕೇಳುತ್ತಿದ್ದರು. "ಮೇಷ್ಟ್ರೇ, ಸ್ಟಾರ್ ಯಾವಾಗ ಕಟ್ತೀರಾ?"

"ನಾಳೆ ಕಟ್ತೀನಮ್ಮ."

ನಮ್ಮ ಹಬ್ಬದ ಮೇಲೆ ಈಕೆಗೆ ಎಷ್ಟು ಅಭಿಮಾನ ಎಂದು ಮನಸ್ಸು ತುಂಬಿಬರುತ್ತಿತ್ತು. ಕೈ ಮಾತ್ರ ಏಳುತ್ತಿರಲಿಲ್ಲ. ಇಪ್ಪತ್ನಾಲ್ಕರ ಸಂಜೆ ಆಕೆ ಹೊಸ್ತಿಲಿಗೇ ಬಂದು ನಿಂತರು.

"ನಸ್ರೀನ್‌ನ ನೋಡಕ್ಕೆ ಚಿಂತಾಮಣಿಯಿಂದ ಬರ್ತಾ ಇದಾರೆ ಮೇಷ್ಟ್ರೇ. ಸ್ಟಾರ್ ಇರೋ ಮನೆ ಪಕ್ಕದ್ದೇ ನಮ್ದು ಅಂತ ಕಾಗದ ಬರೆದುಬಿಟ್ಟಿದೀವಿ. ಹೋದ ಸಲ ಏನಾಯ್ತು ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಹೋದ ಸಲ ಗಂಡಿನ ಕಡೆಯವರು ಬಾಗಿಲು ತಪ್ಪಿ ಆಚೆ ಮನೆಗೆ ಹೋಗಿ, ಚಹಾ ಕುಡಿದು, ಆ ಮನೆಯ ಹುಡುಗಿಯನ್ನೇ ಒಪ್ಪಿಕೊಂಡು ಹೋಗಿದ್ದರು. ಮಗಳು ನಸ್ರೀನ್ ಅವತ್ತು ಅತ್ತದ್ದು ಗೋಡೆಯಾಚೆ ನಮಗೂ ಕೇಳಿಸಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಏಣಿಯನ್ನು ಆಕೆಯೇ ತಂದರು. ಗ್ರೇಸಮ್ಮ ತುಟಿ ಬಿಚ್ಚದೆ ಕೆಳಗೆ ಹಿಡಿದುಕೊಂಡಳು. ಮೂಲೆ ಹರಿದ ನಕ್ಷತ್ರವನ್ನು ಕಟ್ಟಿ, ಬಲ್ಬು ಹೊತ್ತಿಸಿ ಇಳಿದೆ. ಇಳಿದದ್ದೇ ತಡ, ಕರೆಂಟು ಹೋಯಿತು. ಇನ್ನೇನು ಮಾಡಲಿ, ನಕ್ಷತ್ರಕ್ಕೆ ಟಾರ್ಚು ಹಿಡಿದು ಬೀದಿಯಲ್ಲಿ ನಿಂತೆ. ಹತ್ತು ನಿಮಿಷದ ಕೆಲಸಕ್ಕೆ ಹದಿನೈದು ದಿನ ಏಳದಿದ್ದ ಕೈ ಮುಕ್ಕಾಲು ಗಂಟೆ ಎತ್ತಿಕೊಂಡೇ ಇತ್ತು. ಕೊನೆಗೆ ಗಲ್ಲಿಯ ತುದಿಯಲ್ಲಿ ಮೂವರು ಹಿರಿಯರು ಕಾಣಿಸಿದರು. ಕತ್ತೆತ್ತಿ ನಕ್ಷತ್ರವನ್ನೇ ನೋಡುತ್ತ ನಡೆದು ಬಂದರು.

ಗ್ರೇಸಮ್ಮ ಮೌನ ಮುರಿದಳು. "ನಕ್ಷತ್ರ ನೋಡ್ಕೊಂಡು ಮೂಡಣದಿಂದ ಮೂರು ಜನ ಜ್ಞಾನಿಗಳು ಬಂದ್ರು ಅಂತ ಚರ್ಚಲ್ಲಿ ಓದ್ತಾರಲ್ಲ, ಅವರು ಚಿಂತಾಮಣಿಯವರೇನ್ರೀ?"

ಈ ಸಲ ಬಾಗಿಲು ತಪ್ಪಲಿಲ್ಲ, ಸಂಬಂಧ ಕುದುರಿತು. ಮರುದಿನ ಶಂಷಾದ್ ಬೀ ನಮಗೆ ಸಿಹಿ ಕೊಟ್ಟು ಹೇಳಿದರು: "ಮದುವೆ ಮೇ ತಿಂಗಳಲ್ಲಿ. ಅಲ್ಲೀವರೆಗೂ ನೆಂಟರು ಬರ್ತಾ ಇರ್ತಾರೆ, ಸ್ಟಾರ್ ಬಿಚ್ಚಬೇಡಿ ಮೇಷ್ಟ್ರೇ."

ಯಾರ ಮಾತನ್ನೂ ನಾನು ಇಷ್ಟು ನಿಷ್ಠೆಯಿಂದ ಪಾಲಿಸಿಲ್ಲ. ಮೇ ಕಳೆಯಿತು, ನಸ್ರೀನ್ ಚಿಂತಾಮಣಿಗೆ ಹೋದಳು, ಮಳೆಗೆ ಕಾಗದವೂ ಹೋಯಿತು. ಡಿಸೆಂಬರಿನಲ್ಲಿ ಗ್ರೇಸಮ್ಮ ಏಣಿಯ ಮಾತೆತ್ತಿದಾಗ ನಾನು ಕುರ್ಚಿಯಿಂದ ಏಳದೆ ಬಾಗಿಲ ಮೇಲೆ ಉಳಿದಿದ್ದ ನಕ್ಷತ್ರದ ಬಿದಿರುಕಡ್ಡಿಗಳತ್ತ ಬೆರಳು ತೋರಿಸಿದೆ. ಆ ವರ್ಷ ಇಡೀ ಊರಿನಲ್ಲಿ ಎಲ್ಲರಿಗಿಂತ ಮೊದಲು ನಕ್ಷತ್ರ ಕಟ್ಟಿದ್ದವನು ನಾನೇ.