ಹಿಂದಿನ ಸೀಟಿನ ಬಯಕೆ

ಬಸುರಿಯ ಬಯಕೆಗೆ ಇಡೀ ಮನೆಯೇ ಓಡಾಡುತ್ತದೆ. ಮಾವಿನಕಾಯಿ ಎಂದರೆ ಮಾವಿನಕಾಯಿ, ಚಕ್ಕುಲಿ ಎಂದರೆ ಚಕ್ಕುಲಿ. ಬಸುರಿಯ ಗಂಡನಿಗೂ ಬಯಕೆಗಳಿರುತ್ತವೆ ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ನನ್ನದು ಸಿಗರೇಟು.

ನನ್ನ ಹೆಂಡತಿ ಮಂಜುಳ ಉಡಿಗಾಲವೆಂಬ ಹಳ್ಳಿಯವಳು. ಅಜ್ಜಿಗೆ ಎಲೆ ಮಡಿಚಿ ಕೊಡುತ್ತಾ ಕೊಡುತ್ತಾ ತಾನೂ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುವುದನ್ನು ಕಲಿತವಳು. ಮೊದಲ ಬಸುರು ನಿಂತಿರಲಿಲ್ಲ. ಈ ಸಲ ಗುಂಡ್ಲುಪೇಟೆಯ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ಅವರ ಕಡ್ಡಿಪುಡಿಯೂ ಬೇಡ, ನಿಮ್ಮ ಹೊಗೆಯೂ ಬೇಡ. ಮಗು ಬೇಕಾದರೆ ಒಟ್ಟಿಗೆ ಬಿಡಿ" ಎಂದರು. ನಾನು ಬುದ್ಧಿ ಹೇಳುವವನ ಮುಖ ಮಾಡಿಕೊಂಡು ಹೆಂಡತಿಯ ಕಡೆ ನೋಡಿದೆ. ಮನೆಗೆ ಬಂದ ಮೇಲೆ ಅವಳು, "ನೀವು ಬುಟ್ರೆ ನಾನೂ ಬುಡ್ತೀನಿ. ನೀವು ಒಂದು ದಮ್ಮು ಎಳುದ್ರೆ ನಾನೂ ಒಂದು ಚಿಟಿಕೆ ಆಕ್ಕತೀನಿ" ಎಂದಳು. ಹೆದರಿ ಬಿಟ್ಟೆ. ಮನೋಬಲದಿಂದ ಬಿಟ್ಟವರ ಕಥೆ ಬೇರೆ. ನಾನು ಬಿಟ್ಟದ್ದು ಶುದ್ಧ ಪುಕ್ಕಲುತನದಿಂದ. ಸಿಗರೇಟಿನ ಬದಲು ಕಡಲೆಕಾಯಿ ತಿಂದು ತಿಂದು ಹೊಟ್ಟೆ ಮುಂದೆ ಬಂತು. ಆಫೀಸಿನ ಗೆಳೆಯ ಸಿದ್ದಪ್ಪ, "ಯಾರ್ಲಾ ಬಸ್ರಿ, ನೀನಾ ಅವ್ಳಾ?" ಎಂದ.

ಒಂದು ಸಂಜೆ ಚಾಮರಾಜನಗರದ ಆಫೀಸಿನಿಂದ ಮನೆಗೆ ಬಂದಾಗ ಮಂಜುಳ ನನ್ನ ಅಂಗಿ ಮೂಸಿ ನೋಡಿದಳು. ಸೀದಾ ಅಡುಗೆಮನೆಗೆ ಹೋಗಿ, ಸಾರಿನಪುಡಿ ಡಬ್ಬಿಯ ಹಿಂದಿನಿಂದ ಕಡ್ಡಿಪುಡಿಯ ಪೊಟ್ಟಣ ತೆಗೆದಳು.

"ನಾನು ಸೇದಿಲ್ಲ ಕಣೇ!"

"ಮತ್ತೆ ನಿಮ್ಮ ಅಂಗಿ ಸೇದ್ತಾ?"

ಸುಳ್ಳು ಹೊಳೆಯಲಿಲ್ಲ, ನಿಜವನ್ನೇ ಹೇಳಿದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬ ಅರಿಶಿನದ ವ್ಯಾಪಾರಿ ದಿನವೂ ಕಂಡಕ್ಟರನ ಕಣ್ಣು ತಪ್ಪಿಸಿ ಬೀಡಿ ಸೇದುತ್ತಾನೆ. ಮುಂದೆ ಸೀಟು ಖಾಲಿಯಿದ್ದರೂ ಹೋಗಿ ಅವನನ್ನು ಒತ್ತಿಕೊಂಡು ಕೂರುತ್ತೇನೆ. ಅವನು ಬಿಟ್ಟದ್ದನ್ನು ನಾನು ಎಳೆದುಕೊಳ್ಳುತ್ತೇನೆ. ಅವನು ಕಿಟಕಿಯತ್ತ ಮುಖ ಮಾಡಿದರೆ, "ಈ ಕಡೆ ತಿರುಗಿ ಯಜಮಾನ್ರೇ, ಅಲ್ಲಿ ಗಾಳಿ ಜಾಸ್ತಿ" ಎನ್ನುತ್ತೇನೆ.

ಮಂಜುಳ ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ ನಕ್ಕಳು. ಪೊಟ್ಟಣವನ್ನು ಬಚ್ಚಲೊಲೆಗೆ ಹಾಕಿ, "ಇಂಗೂ ಒಂದು ದಾರಿ ಅದೆ ಅಂತ ಗೊತ್ತೇ ಇರ್ನಿಲ್ಲ" ಎಂದಳು. ಸದ್ಯ, ಮಗು ಬಚಾವಾಯಿತು ಎಂದುಕೊಂಡೆ.

ಮರುದಿನದಿಂದ ಅವಳು ಜಗುಲಿಯಲ್ಲಿ ನನ್ನ ಅವ್ವನಿಗೆ ಅಂಟಿಕೊಂಡು ಕೂರತೊಡಗಿದಳು. ಅವ್ವ ಎಲೆಗೆ ಕಡ್ಡಿಪುಡಿ ಹಾಕಿ ಅಗಿಯುವಾಗ ಸೊಸೆ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಳ್ಳುವಳು. ಬಾಯಿಗೆ ಮಾತ್ರ ಏನೂ ಇಲ್ಲ. ಅವ್ವ ಪಕ್ಕದ ಮನೆಯವಳಿಗೆ ನನ್ನೆದುರೇ ಹೇಳಿದಳು: "ಸೊಸೆಗೆ ನನ್ ಕಂಡ್ರೆ ಪ್ರಾಣ ಕಣಮ್ಮಿ, ಪಕ್ಕ ಬುಟ್ಟು ಏಳಾಕಿಲ್ಲ. ನಾನ್ ಎತ್ತ ಮಗ ಬಸ್ನಲ್ಲಿ ಯಾರ್ಯಾರ ಪಕ್ಕ ಕೂತ್ಕಂಡು ಬತ್ತನೋ, ನನ್ ಪಕ್ಕ ಮಾತ್ರ ಕೂರಾಕಿಲ್ಲ."

ಮಂಜುಳ ನನ್ನತ್ತ ನೋಡಿದಳು. ನಾನು ಅಂಗಿ ಬಿಚ್ಚಿ ಒಗೆಯಲು ಹಾಕಿ, ಅವ್ವನ ಇನ್ನೊಂದು ಪಕ್ಕ ಹೋಗಿ ಕೂತೆ. ಕಡ್ಡಿಪುಡಿಯ ವಾಸನೆಯೂ ಅಷ್ಟೇನೂ ಕೆಟ್ಟದ್ದಲ್ಲ.